ಕಂಪ್ಯೂಟರ್ ಬಳಕೆ ಮತ್ತು ಮಾಹಿತಿ ಹಕ್ಕಿನ ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಎರಡು ಕಾಯ್ದೆಗಳ ವಿಚಾರವಿದೆ. ಒಂದು, ಎಲ್ಲರೂ ಐಟಿ ಕಾಯ್ದೆ ಎಂದು ಕರೆಯುವ ಮಾಹಿತಿ ತಂತ್ರಜ್ಞಾನ ಕಾಯ್ದೆ. ಇದು 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. 2008ರ ದೊಡ್ಡ ತಿದ್ದುಪಡಿ 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ಇನ್ನೊಂದು, 2005ರ ಅಕ್ಟೋಬರ್ 12ರಿಂದ ಪೂರ್ತಿಯಾಗಿ ಜಾರಿಯಾದ ಮಾಹಿತಿ ಹಕ್ಕು ಕಾಯ್ದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2000ದಲ್ಲಿ, ನಮ್ಮದೇ ಆದ ಮಾಹಿತಿ ಹಕ್ಕು ಕಾನೂನು ಇತ್ತು.

ಇವೆರಡನ್ನೂ ಒಟ್ಟಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಸರ್ಕಾರಿ ಕಡತಗಳು ಈಗ ಬೀರುವಿಗಿಂತ ಹೆಚ್ಚಾಗಿ ಕಂಪ್ಯೂಟರಿನಲ್ಲಿವೆ. ಅದೇ ದಾಖಲೆಯನ್ನು ಒಬ್ಬರ ಲಾಗಿನ್ ಬಳಸಿ ಇಳಿಸಿಕೊಂಡರೆ ಅಪರಾಧವಾಗುತ್ತದೆ, 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ ಹಕ್ಕಾಗಿ ಸಿಗುತ್ತದೆ. ಈ ವ್ಯತ್ಯಾಸ ತಿಳಿಯದೆ ತೊಂದರೆಗೆ ಸಿಕ್ಕಿಕೊಂಡವರೂ ಇದ್ದಾರೆ, ತಮ್ಮ ಹಕ್ಕಿನ ದಾಖಲೆಯನ್ನು ಕೇಳದೆ ಬಿಟ್ಟವರೂ ಇದ್ದಾರೆ.

ಪಾಸ್‌ವರ್ಡ್ ನನಗೆ ಗೊತ್ತಿದೆ. ತೆರೆದು ನೋಡಿದರೆ ತಪ್ಪೇನು?

ಪಾಸ್‌ವರ್ಡ್ ಗೊತ್ತಿರುವುದು ಬೇರೆ, ಅನುಮತಿ ಇರುವುದು ಬೇರೆ. ಐಟಿ ಕಾಯ್ದೆಯ 43ನೇ ಕಲಂ ಕೇಳುವುದು ಒಂದೇ ಪ್ರಶ್ನೆ: ಆ ಕಂಪ್ಯೂಟರಿನ ಮಾಲೀಕರು ಅಥವಾ ಅದರ ಉಸ್ತುವಾರಿ ಹೊತ್ತವರು ಒಪ್ಪಿಗೆ ಕೊಟ್ಟಿದ್ದರೇ? ಕೊಟ್ಟಿರದಿದ್ದರೆ ಒಳಹೊಕ್ಕುವುದು, ಮಾಹಿತಿ ನಕಲು ಮಾಡಿಕೊಳ್ಳುವುದು, ವೈರಸ್ ಬಿಡುವುದು, ಅಳಿಸುವುದು, ತಿದ್ದುವುದು, ಮಾಲೀಕರೇ ಒಳಗೆ ಬರದಂತೆ ಮಾಡುವುದು, ಬೇರೆಯವರಿಗೆ ಇದಕ್ಕೆ ನೆರವಾಗುವುದು ಎಲ್ಲವೂ ಈ ಕಲಂ ಅಡಿ ಬರುತ್ತವೆ. ಇಷ್ಟಕ್ಕೆ ನಷ್ಟ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚಿಸುವ ಉದ್ದೇಶದಿಂದ ಮಾಡಿದ್ದರೆ 66ನೇ ಕಲಂ ಅಡಿ ಅಪರಾಧ: 3 ವರ್ಷದವರೆಗೆ ಸೆರೆ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಗಂಡ ಹೆಂಡತಿ ಎಂಬ ಕಾರಣಕ್ಕೆ ಈ ಕಲಂನಲ್ಲಿ ವಿನಾಯಿತಿ ಇಲ್ಲ. ವಿಚ್ಛೇದನದ ಪ್ರಕರಣಕ್ಕೆ ಸಾಕ್ಷ್ಯ ಬೇಕೆಂದು ಎದುರಿನವರ ಇಮೇಲ್ ತೆರೆದವರು ತಾವೇ ದೂರಿಗೆ ಗುರಿಯಾಗಬಹುದು. ಬೇರೆಯವರ ಪಾಸ್‌ವರ್ಡನ್ನೋ ಇ-ಸಹಿಯನ್ನೋ ಅಪ್ರಾಮಾಣಿಕವಾಗಿ ಬಳಸಿದರೆ 66ಸಿ ಕಲಂ ಪ್ರತ್ಯೇಕವಾಗಿ ಬೀಳುತ್ತದೆ: 3 ವರ್ಷದವರೆಗೆ ಸೆರೆ, ಜೊತೆಗೆ 1 ಲಕ್ಷದವರೆಗೆ ದಂಡ. ಸಾಹೇಬರ ಡಿಜಿಟಲ್ ಸಹಿಯಿರುವ ಡಾಂಗಲ್ಲನ್ನು (ಪೆನ್‌ಡ್ರೈವ್‌ನಂಥ ಸಾಧನ) ಕೆಳಗಿನ ನೌಕರರ ಕೈಗೆ ಕೊಟ್ಟುಬಿಡುವ ರೂಢಿ ಅನೇಕ ಕಚೇರಿಗಳಲ್ಲಿದೆ. ಮುಂದೆ ಎಡವಟ್ಟಾದಾಗ ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಉತ್ತರ ಹೇಳಬೇಕು. ದಯವಿಟ್ಟು ಕೊಡಬೇಡಿ, ತೆಗೆದುಕೊಳ್ಳಲೂ ಬೇಡಿ.

ಈ ಕಾಯ್ದೆ ಮೊಬೈಲ್‌ಗೂ ಅನ್ವಯಿಸುತ್ತದೆಯೇ?

ಹೌದು.

ಕೆಲಸ ಬಿಡುವಾಗ ನಾನೇ ಮಾಡಿದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದೇ?

ನೀವು ಮಾಡಿದ್ದಾದರೂ ಅದನ್ನು ಸಂಸ್ಥೆಯ ಕೆಲಸವಾಗಿ, ಸಂಸ್ಥೆಯ ಕಂಪ್ಯೂಟರಿನಲ್ಲಿ ಮಾಡಿದ್ದೀರಿ. ನಕಲು ಮಾಡಿಕೊಳ್ಳಲು ಅನುಮತಿ ಬೇಕು. ಗ್ರಾಹಕರ ಪಟ್ಟಿ, ಸೋರ್ಸ್ ಕೋಡ್, ದರಪಟ್ಟಿ ಇವುಗಳ ಸುತ್ತಲೇ ಹೆಚ್ಚು ಮೊಕದ್ದಮೆಗಳು ನಡೆಯುವುದು. ಸಂಬಳದ ಚೀಟಿ, ನೇಮಕಾತಿ ಪತ್ರ, ಫಾರಂ 16 ಇಂಥವು ನಿಮಗೆ ಸೇರಿದವು. ಅವನ್ನು ಕೊನೆಯ ವಾರದವರೆಗೆ ಬಿಡದೆ ಬಂದ ಬಂದ ಹಾಗೆ ಸ್ವಂತ ಇಮೇಲ್‌ಗೆ ತರಿಸಿಕೊಂಡಿರಿ.

ಒಂದು ವೆಬ್‌ಸೈಟಿನ ವಿಳಾಸದಲ್ಲಿ ಅಂಕಿ ಬದಲಿಸಿದರೆ ಬೇರೆಯವರ ವಿವರ ಕಾಣಿಸುತ್ತದೆ. ಇದನ್ನು ತೋರಿಸಿಕೊಟ್ಟರೆ ನನಗೆ ತೊಂದರೆಯೇ?

ತೊಂದರೆ ಆಗಬಹುದು. ಲೋಪ ಹುಡುಕುವ ಒಳ್ಳೆಯ ಉದ್ದೇಶದವರಿಗೆಂದು ಐಟಿ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆ ಬರೆದಿಲ್ಲ. ಇದು ಕಾಯ್ದೆಯ ದೊಡ್ಡ ಕೊರತೆಗಳಲ್ಲಿ ಒಂದು. ಬಾಗಿಲು ತೆರೆದಿತ್ತು ಎಂಬ ಮಾತು ಒಳಗೆ ಹೋಗುವ ಅನುಮತಿಯಾಗುವುದಿಲ್ಲ.

ಲೋಪ ಅಕಸ್ಮಾತ್ ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ. ಎರಡನೆಯ, ಮೂರನೆಯ ಅಂಕಿ ಹಾಕಿ ಪರೀಕ್ಷಿಸಬೇಡಿ. ಬೇರೆಯವರ ವಿವರವನ್ನು ಇಳಿಸಿಕೊಳ್ಳಬೇಡಿ. ಪುಟದ ವಿಳಾಸ, ದಿನ, ಸಮಯ, ಕಂಡದ್ದೇನು ಎಂಬುದನ್ನು ಬರೆದು ಭಾರತದ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್‌ಗೆ ಇಮೇಲ್ ಮಾಡಿ. 70ಬಿ ಕಲಂ ಅಡಿ ಅದೇ ಇದಕ್ಕಿರುವ ರಾಷ್ಟ್ರೀಯ ಸಂಸ್ಥೆ. ಲೋಪ ಸರಿಯಾಗುವ ಮೊದಲೇ ಸಾಮಾಜಿಕ ಜಾಲತಾಣದಲ್ಲಿ ಹಾಕಿದರೆ ಆ ವಿವರಗಳ ಒಡೆಯರಾದ ಸಾವಿರಾರು ಜನರಿಗೆ ನೀವೇ ಹಾನಿ ಮಾಡಿದಂತಾಗುತ್ತದೆ.

ನೀವು ಸಂಸ್ಥೆ ನಡೆಸುವವರಾದರೆ ಇನ್ನೊಂದು ವಿಚಾರ: 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರ್ ಚಟುವಟಿಕೆಯ ದಾಖಲೆ) 180 ದಿನ ಕಾಪಾಡಬೇಕು.

ಫೇಸ್‌ಬುಕ್ಕಿನಲ್ಲಿ ಶಾಸಕರನ್ನು ಟೀಕಿಸಿದ್ದಕ್ಕೆ 66ಎ ಹಾಕುತ್ತೇವೆ ಎನ್ನುತ್ತಾರೆ. ಹಾಕಬಹುದೇ?

ಹಾಕುವಂತಿಲ್ಲ. ಆನ್‌ಲೈನಿನಲ್ಲಿ ಕಿರಿಕಿರಿಯಾಗುವಂಥ ಸಂದೇಶ ಕಳಿಸುವುದನ್ನೂ ಅಪರಾಧವೆನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಸಂಪೂರ್ಣ ರದ್ದು ಮಾಡಿತು. ಆಮೇಲೂ ಅಲ್ಲಲ್ಲಿ ಆ ಕಲಂ ಅಡಿ ಪ್ರಕರಣ ದಾಖಲಾಗುತ್ತಲೇ ಇದ್ದುದರಿಂದ, 2022ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಯಾರ ಮೇಲೂ 66ಎ ಅಡಿ ವಿಚಾರಣೆ ನಡೆಸಬಾರದೆಂದು ಮತ್ತೆ ಹೇಳಬೇಕಾಯಿತು.

ಹಾಗೆಂದು ಆನ್‌ಲೈನಿನಲ್ಲಿ ಏನು ಬರೆದರೂ ನಡೆಯುತ್ತದೆ ಎಂದಲ್ಲ. ಮಾನಹಾನಿ, ಗುಂಪುಗಳ ನಡುವೆ ದ್ವೇಷ ಬಿತ್ತುವುದು, ಬೆದರಿಕೆ ಇವು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಗಳಾಗಿಯೇ ಇವೆ. ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಮೊದಲು ಕಲಂಗಳ ಪಟ್ಟಿ ನೋಡಿ. 66ಎ ಒಂದೇ ಇದ್ದರೆ ರದ್ದತಿಗೆ ಹೈಕೋರ್ಟಿಗೆ ಹೋಗಲು ವಕೀಲರಿಗೆ ಅಷ್ಟೇ ಸಾಕು. ಜೊತೆಗೆ ಬೇರೆ ಕಲಂಗಳಿದ್ದರೆ ಅವಕ್ಕೆ ಬೇರೆಯಾಗಿ ಉತ್ತರ ಕೊಡಬೇಕು.

ಸರ್ಕಾರ ಪೋಸ್ಟ್ ಅಥವಾ ಖಾತೆಗಳನ್ನು ಯಾವ ಅಧಿಕಾರದಿಂದ ತಡೆಹಿಡಿಯುತ್ತದೆ?

69ಎ ಕಲಂ ಮತ್ತು 2009ರ ನಿಯಮಗಳ ಅಡಿ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ನಿರ್ದಿಷ್ಟ ಕಾರಣಗಳಿರಬೇಕು, ಕಾರಣವನ್ನು ಬರೆದಿಡಬೇಕು. ಈ ವಿಚಾರದ ಎರಡು ದೊಡ್ಡ ವ್ಯಾಜ್ಯಗಳು ಬೆಂಗಳೂರಿನಲ್ಲೇ ನಡೆದವು. ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಜಾಲತಾಣಗಳ ಹೊಣೆ ಹೇಳುವ 79(3)(ಬಿ) ಕಲಂ ಮತ್ತು ತೆಗೆಯುವ ಸೂಚನೆ ಕಳಿಸಲು ಸರ್ಕಾರ ಬಳಸುವ ಸಹಯೋಗ್ ಪೋರ್ಟಲ್ ಮೂಲಕ ವಿಷಯ ತೆಗೆಸುವುದನ್ನು ಪ್ರಶ್ನಿಸಿದ ಎಕ್ಸ್ ಕಾರ್ಪ್ (ಟ್ವಿಟರ್‌ನ ಹೊಸ ಹೆಸರು) ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು.

ಖಾತೆಯಿಂದ ಹಣ ಹೋಯಿತು. ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು?

ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಠಾಣೆಗೆ ಓಡುವುದು, ನೆಂಟರಿಗೆ ತಿಳಿಸುವುದು ಎಲ್ಲ ಆಮೇಲೆ. ವಂಚಕರು ಹಣವನ್ನು ಒಂದು ಖಾತೆಯಿಂದ ಹತ್ತಾರು ಖಾತೆಗಳಿಗೆ ಹಂಚಿ ನಿಮಿಷಗಳಲ್ಲೇ ನಗದಾಗಿ ತೆಗೆಯುತ್ತಾರೆ. 1930ರ ದೂರು ನೇರವಾಗಿ ಬ್ಯಾಂಕುಗಳಿಗೆ ತಲುಪಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅದು ಅಲ್ಲೇ ತಡೆಯಾಗುತ್ತದೆ.

ಕರೆ ಮಾಡುವಾಗ ಕೈಯಲ್ಲಿ ಇರಬೇಕಾದವು: ನಿಮ್ಮ ಖಾತೆ ಸಂಖ್ಯೆ, ಹಣ ಹೋದ ದಿನ ಮತ್ತು ಸಮಯ, ಮೊತ್ತ, ಪ್ರತಿಯೊಂದು ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ. ಯುಪಿಐನಲ್ಲಿ ಇದು 12 ಅಂಕಿಗಳದ್ದು. ಆ್ಯಪ್‌ನಲ್ಲಿ ಆ ವರ್ಗಾವಣೆಯನ್ನು ಒತ್ತಿದರೆ ಕೆಳಗೆ ಕಾಣುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಸಲ ಹಣ ಹೋಗಿದ್ದರೆ ನಾಲ್ಕು ಸಂಖ್ಯೆಯನ್ನೂ ಕೊಡಬೇಕು. ಒಂದನ್ನು ಕೊಟ್ಟರೆ ಆ ಒಂದರ ಜಾಡು ಮಾತ್ರ ಹಿಡಿಯುತ್ತಾರೆ.

ಕರೆಯ ಬೆನ್ನಿಗೇ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ಬ್ಯಾಂಕಿನದ್ದಾಗಲೀ ನಿಮ್ಮದಾಗಲೀ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ ಎಂದು ಆರ್‌ಬಿಐ 2017ರ ಜುಲೈನಲ್ಲಿ ಹೇಳಿದೆ. 4ರಿಂದ 7 ದಿನವಾದರೆ ಮಾಮೂಲಿ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದು. ನಾಚಿಕೆಯಿಂದ ಎರಡು ದಿನ ಸುಮ್ಮನಿರುವುದರ ಬೆಲೆ ಎಷ್ಟೆಂದು ಇದರಿಂದಲೇ ತಿಳಿಯುತ್ತದೆ.

ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ವಿವರ ತುಂಬಿ, ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ. ಪೋರ್ಟಲ್ಲಿನ ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ. ಯಾವ ಠಾಣೆಯಾದರೂ ತಮ್ಮ ಸರಹದ್ದು ಅಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದಕ್ಕೆ ಆಧಾರ. ಅದೇ ಕಲಂ ಅಡಿ ಆನ್‌ಲೈನಿನಲ್ಲಿ ಕೊಟ್ಟ ಮಾಹಿತಿಗೆ 3 ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕೆಂದು 78ನೇ ಕಲಂ ಹೇಳುತ್ತದೆ.

ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಎಫ್‌ಐಆರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಮ್ಯಾಜಿಸ್ಟ್ರೇಟರ ಮುಂದೆ ಅದೇ ಸಂಹಿತೆಯ 503ನೇ ಕಲಂ ಅಡಿ ಬಿಡುಗಡೆಗೆ ಅರ್ಜಿ ಹಾಕಬೇಕು. ಇಷ್ಟು ದೂರ ಬಂದು ಈ ಒಂದು ಅರ್ಜಿ ಹಾಕದೆ ಬಿಟ್ಟವರ ಹಣ ಹಾಗೇ ಬಿದ್ದಿರುತ್ತದೆ.

ಅಪರಾಧಿ ಸಿಗಲಿಲ್ಲ. ಪರಿಹಾರಕ್ಕೆ ಬೇರೆ ದಾರಿ ಇದೆಯೇ?

ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಐಟಿ ಕಾಯ್ದೆಯ 46ನೇ ಕಲಂ ಅಡಿ ಪ್ರತಿ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿ. 43ನೇ ಕಲಂ ಉಲ್ಲಂಘನೆಯಿಂದಾದ ನಷ್ಟಕ್ಕೆ 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿ ಅವರ ಮುಂದೆ ಬರುತ್ತದೆ. ಅಂದರೆ ಕರ್ನಾಟಕದಲ್ಲಿ ನೀವು ಬೆಂಗಳೂರಿಗೆ ಅರ್ಜಿ ಕೊಡಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ಶುಲ್ಕವಿದೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ದೆಹಲಿಯ ಟಿಡಿಸ್ಯಾಟ್ (ದೂರಸಂಪರ್ಕ ವ್ಯಾಜ್ಯಗಳ) ನ್ಯಾಯಮಂಡಳಿಗೆ ಮೇಲ್ಮನವಿ.

ಸ್ಕ್ರೀನ್‌ಶಾಟ್ ಸಾಕ್ಷ್ಯವಾಗುತ್ತದೆಯೇ?

ಅದೊಂದೇ ಇದ್ದರೆ ದುರ್ಬಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಕಲಂ ಅಡಿ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಇರಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ ಬಂದಿರುವುದು ಇದೇ. ಈಗ ಎರಡು ಭಾಗಗಳಿವೆ. ಎ ಭಾಗಕ್ಕೆ ದಾಖಲೆ ಹಾಜರುಪಡಿಸುವವರು, ಬಿ ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಸಾಧನ ಯಾವುದು, ತಯಾರಕರು ಯಾರು, ಮಾದರಿ, ಬಣ್ಣ, ಸೀರಿಯಲ್ ಸಂಖ್ಯೆ, ಮೊಬೈಲಾದರೆ ಐಎಂಇಐ (ಆ ಫೋನಿನ ಗುರುತಿನ) ಸಂಖ್ಯೆ ಎಲ್ಲವನ್ನೂ ನಮೂನೆ ಕೇಳುತ್ತದೆ. ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು.

ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಎಸ್‌ಎಚ್‌ಎ-256 ವಿಧಾನದಲ್ಲಿ ಲೆಕ್ಕ ಹಾಕಿದರೆ 64 ಅಕ್ಷರ-ಅಂಕಿಗಳ ಸಾಲು ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಆದ್ದರಿಂದ ಆಡಿಯೊ, ವಿಡಿಯೊ, ಚಾಟ್ ಫೈಲು ಕೈಗೆ ಬಂದ ದಿನವೇ ಹ್ಯಾಶ್ ತೆಗೆದು ಬರೆದಿಡಿ, ಮೂಲವನ್ನು ಮುಟ್ಟಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಮುಂದಕ್ಕೆ ಕಳಿಸಿದ ವಿಡಿಯೊ ಕುಗ್ಗುತ್ತದೆ, ಹಾಗಾಗಿ ಅದರ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ. ವಕೀಲರಿಗೆ ಕೊಡುವಾಗ ಪೆನ್‌ಡ್ರೈವ್‌ನಲ್ಲಿ ಕೊಡಿ. ಫೋನು ಮಾರಿಬಿಟ್ಟರೆ ಅಥವಾ ಫಾರ್ಮ್ಯಾಟ್ ಮಾಡಿದರೆ ಪ್ರಮಾಣಪತ್ರಕ್ಕೆ ಆಧಾರವೇ ಉಳಿಯುವುದಿಲ್ಲ.

ನನ್ನ ಹೆಸರಲ್ಲಿ ನಕಲಿ ಖಾತೆ, ಅಥವಾ ನನ್ನ ಖಾಸಗಿ ಚಿತ್ರ ಹರಿದಾಡುತ್ತಿದೆ. ಏನು ಮಾಡಲಿ?

ಮೊದಲು ಆ ಪುಟದ ಪೂರ್ತಿ ವಿಳಾಸವನ್ನು ನಕಲು ಮಾಡಿಟ್ಟುಕೊಳ್ಳಿ. ಖಾತೆಯ ಹೆಸರು ಬದಲಾದರೂ ವಿಳಾಸದಿಂದ ಜಾಡು ಸಿಗುತ್ತದೆ. ನಂತರ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಖಾಸಗಿ ಚಿತ್ರ ಮತ್ತು ಸೋಗಿನ ಖಾತೆಗಳನ್ನು ಗಂಟೆಗಳ ಲೆಕ್ಕದಲ್ಲಿ ತೆಗೆಯುವ ಹೊಣೆ ಐಟಿ ಕಾಯ್ದೆಯಡಿಯ 2021ರ ನಿಯಮಗಳಲ್ಲಿದೆ. ಅವರು ಕೇಳದಿದ್ದರೆ 30 ದಿನಗಳೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲಿ ಹೋಗಬಹುದು.

ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು 66ಇ ಅಡಿ ಅಪರಾಧ. 3 ವರ್ಷದವರೆಗೆ ಸೆರೆ, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೃಶ್ಯವನ್ನು ಹರಡಿದರೆ 67ಎ, ಮೊದಲ ಸಲವೇ 5 ವರ್ಷದವರೆಗೆ ಸೆರೆ ಮತ್ತು 10 ಲಕ್ಷದವರೆಗೆ ದಂಡ. ಮಕ್ಕಳದ್ದಾದರೆ 67ಬಿ, ಅಲ್ಲಿ ಹುಡುಕಿ ನೋಡುವುದು, ಇಳಿಸಿಕೊಳ್ಳುವುದು ಕೂಡ ಅಪರಾಧ. ಬೇರೆಯವರನ್ನು ಎಚ್ಚರಿಸಲೆಂದು ಅಂಥ ವಿಡಿಯೊವನ್ನು ಗುಂಪಿಗೆ ಹಾಕುವವರೂ ಇದೇ ಕಲಂಗೆ ಸಿಕ್ಕುತ್ತಾರೆ. ಪೊಲೀಸರಿಗೆ ಪುಟದ ವಿಳಾಸ ಕೊಟ್ಟರೆ ಸಾಕು.

ಪೊಲೀಸರು ಫೋನ್ ಕೊಡಿ, ಪಾಸ್‌ವರ್ಡ್ ಹೇಳಿ ಎಂದರೆ?

ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪಿನಂತೆ ಫೋನು, ಇಮೇಲ್ ಖಾತೆಗಳನ್ನು ಶೋಧಿಸಲು ತುರ್ತು ಸಂದರ್ಭ ಬಿಟ್ಟರೆ ನ್ಯಾಯಾಲಯದ ವಾರಂಟ್ ಬೇಕು. ವಶಕ್ಕೆ ಪಡೆಯುವಾಗ ಸಾಧನವನ್ನು ಹೊರಗಿನ ಸಿಗ್ನಲ್ ತಾಗದ ಫ್ಯಾರಡೆ ಚೀಲದಲ್ಲಿ ಇಡಬೇಕೆಂಬ ಮಟ್ಟದ ವಿವರವಾದ ಸೂಚನೆಗಳು ಅದರಲ್ಲಿವೆ. ಮಹಜರಿನಲ್ಲಿ ಐಎಂಇಐ ಸಂಖ್ಯೆ, ಆನ್ ಇತ್ತೋ ಆಫ್ ಇತ್ತೋ ಎಂಬುದು ನಮೂದಾಗಿದೆಯೇ ನೋಡಿಕೊಂಡೇ ಸಹಿ ಹಾಕಿ.

ಇನ್ನು ಮಾಹಿತಿ ಹಕ್ಕಿಗೆ ಬರೋಣ. ಕಂಪ್ಯೂಟರಿನಲ್ಲಿರುವುದನ್ನೂ ಕೇಳಬಹುದೇ?

ಖಂಡಿತ. ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಂನಲ್ಲಿ ಇಮೇಲ್, ಲಾಗ್‌ಬುಕ್, ಎಲೆಕ್ಟ್ರಾನಿಕ್ ರೂಪದ ದತ್ತಾಂಶ ಎಲ್ಲವೂ ಮಾಹಿತಿಯೇ. ಕಡತದ ಟಿಪ್ಪಣಿ ಹಾಳೆಯೂ ಸೇರುತ್ತದೆ, ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್‌ನಲ್ಲಿ ಅಧಿಕಾರಿಗಳು ಬರೆದ ಷರಾಗಳೂ ಸೇರುತ್ತವೆ. 2(ಜೆ) ಪ್ರಕಾರ ಅವನ್ನು ಪರಿಶೀಲಿಸಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ದೃಢೀಕೃತ ನಕಲು ಪಡೆಯಬಹುದು, ಎಲೆಕ್ಟ್ರಾನಿಕ್ ಪ್ರತಿಯನ್ನೂ ಕೇಳಬಹುದು.

ಕೆಲವಕ್ಕೆ ಅರ್ಜಿಯೇ ಬೇಡ. ಪಹಣಿಯನ್ನು ಭೂಮಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 4(1)(ಬಿ) ಅಡಿ ಪ್ರತಿ ಕಚೇರಿಯೂ ನೌಕರರ ಸಂಬಳ, ಅನುದಾನ, ಸಬ್ಸಿಡಿ ಫಲಾನುಭವಿಗಳು ಸೇರಿ 17 ಬಾಬುಗಳನ್ನು ತಾನೇ ಪ್ರಕಟಿಸಬೇಕು. ಮೊದಲು ಅದನ್ನು ನೋಡಿ.

ಕರ್ನಾಟಕದಲ್ಲಿ ಅರ್ಜಿ ಬರೆಯುವುದು ಹೇಗೆ?

ನಮೂನೆ ಎ ಬಳಸಿ, ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 6(1) ಕಲಂ ಅಡಿ. ಕನ್ನಡದಲ್ಲಿ ಬರೆಯಿರಿ, ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡುವುದು ಕಾಯ್ದೆಯೇ ಕೊಟ್ಟ ಹಕ್ಕು. ಏಕೆ ಬೇಕೆಂದು ಹೇಳಬೇಕಿಲ್ಲ, 6(2).

ನಮ್ಮ ರಾಜ್ಯದ ನಿಯಮದಲ್ಲಿ ಎರಡು ಗೆರೆಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರದ ಕಚೇರಿಗಳಿಗೆ 500 ಪದದವರೆಗೆ ಅವಕಾಶವಿದೆ. ಇಲ್ಲಿ ಎಷ್ಟೋ ಅರ್ಜಿಗಳಿಗೆ ‘ಒಂದಕ್ಕಿಂತ ಹೆಚ್ಚು ವಿಷಯ’ ಎಂಬ ಹಿಂಬರಹ ಬಂದುಬಿಡುತ್ತದೆ. ಮೂರು ವಿಷಯವಿದ್ದರೆ ಮೂರು ಅರ್ಜಿ ಹಾಕಿ, 30 ರೂಪಾಯಿ ಖರ್ಚಾದರೂ ತಿಂಗಳು ಉಳಿಯುತ್ತದೆ.

ಕೇಳುವ ರೀತಿಯೇ ಮುಖ್ಯ. ಖಾತೆ ಬದಲಾವಣೆ ತಡವಾಗಿದೆ ಎಂದುಕೊಳ್ಳಿ. ಹೀಗೆ ಬರೆದರೆ ಕೆಲಸವಾಗದು:

“ನನ್ನ ಜಮೀನಿನ ಖಾತೆಯನ್ನು ಯಾಕೆ ಮಾಡಿಲ್ಲ? ಇದಕ್ಕೆ ಯಾರು ಹೊಣೆ? ಯಾವಾಗ ಮಾಡುತ್ತೀರಿ?”

ಇವು ಪ್ರಶ್ನೆಗಳು, ದಾಖಲೆಗಳಲ್ಲ. ಇರುವ ದಾಖಲೆಯನ್ನಷ್ಟೇ ಕೊಡಬೇಕು, ಹೊಸದಾಗಿ ಮಾಹಿತಿ ಸೃಷ್ಟಿಸಿ ಅಥವಾ ಅಭಿಪ್ರಾಯ ಬರೆದು ಕೊಡಬೇಕಿಲ್ಲ ಎಂದು 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪು ಅಭ್ಯರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕನ್ನೂ ಕೊಟ್ಟಿತು. ಹೀಗೆ ಬರೆಯಿರಿ:

“ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟಕ್ಕೆ ಸಂಬಂಧಿಸಿ, ಇಂಥ ದಿನ ಸಲ್ಲಿಸಿದ, ಇಂಥ ಸ್ವೀಕೃತಿ ಸಂಖ್ಯೆಯ ಮ್ಯುಟೇಶನ್ ಅರ್ಜಿಯ ಕಡತದಲ್ಲಿರುವ ಟಿಪ್ಪಣಿ ಹಾಳೆಗಳು, ಪತ್ರವ್ಯವಹಾರ, ಗ್ರಾಮ ಆಡಳಿತಾಧಿಕಾರಿ ಮತ್ತು ರಾಜಸ್ವ ನಿರೀಕ್ಷಕರ ವರದಿಗಳು, ತಂತ್ರಾಂಶದಲ್ಲಿ ಕಡತ ಯಾರ ಬಳಿ ಯಾವ ದಿನದಿಂದ ಯಾವ ದಿನದವರೆಗೆ ಇತ್ತೆಂಬ ಚಲನವಲನದ ವಿವರ. ಎಲ್ಲದರ ದೃಢೀಕೃತ ನಕಲು ನೀಡಿ.”

ಎರಡನೆಯದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತೆಂದು ಯಂತ್ರವೇ ಬರೆದಿಟ್ಟಿರುತ್ತದೆ, ಹೊಣೆ ಯಾರದ್ದೆಂದು ನೀವು ಕೇಳುವ ಅಗತ್ಯವೇ ಬೀಳುವುದಿಲ್ಲ.

ಶುಲ್ಕ ಎಷ್ಟು, ಕಳಿಸುವುದು ಹೇಗೆ?

ಅರ್ಜಿಗೆ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ 7(5) ಅಡಿ ಅರ್ಜಿ ಶುಲ್ಕವಿಲ್ಲ. ಕಾರ್ಡಿನ ಪ್ರತಿ ಲಗತ್ತಿಸಿ. ಪೋಸ್ಟಲ್ ಆರ್ಡರ್ ಇಟ್ಟರೆ ಅದರ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ, ಇಲ್ಲದಿದ್ದರೆ ‘ಶುಲ್ಕ ಲಗತ್ತಿಸಿಲ್ಲ’ ಎಂಬ ಹಿಂಬರಹಕ್ಕೆ ಉತ್ತರವಿರುವುದಿಲ್ಲ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿ. ಅಂಚೆಯಾದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಿನದ ವಿವರವನ್ನು ಕೂಡಲೇ ಮುದ್ರಿಸಿಟ್ಟುಕೊಳ್ಳಿ. ರಾಜ್ಯಕ್ಕೂ ಕೇಂದ್ರಕ್ಕೂ ಬೇರೆ ಬೇರೆ ಆನ್‌ಲೈನ್ ಪೋರ್ಟಲ್‌ಗಳಿವೆ. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ.

ತಪ್ಪು ಕಚೇರಿಗೆ ಹೋಯಿತೆಂದರೆ ಅರ್ಜಿ ತಿರಸ್ಕರಿಸುವಂತಿಲ್ಲ. 6(3) ಅಡಿ 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು.

ಸಿ.ಡಿ. ಅಥವಾ ಇಮೇಲ್‌ನಲ್ಲೇ ಕೊಡಿ ಎನ್ನಬಹುದೇ?

ಕೇಳಿದ ರೂಪದಲ್ಲೇ ಕೊಡಬೇಕೆಂದು 7(9) ಹೇಳುತ್ತದೆ. ಕಚೇರಿಯ ಸಂಪನ್ಮೂಲವೆಲ್ಲ ಅದಕ್ಕೇ ಹೋಗುವಂತಿದ್ದರೆ ಅಥವಾ ದಾಖಲೆಗೆ ಧಕ್ಕೆಯಾಗುವಂತಿದ್ದರೆ ಮಾತ್ರ ವಿನಾಯಿತಿ. ಇದು ರೂಪ ಬದಲಿಸಲು ಕೊಟ್ಟ ವಿನಾಯಿತಿ, ಮಾಹಿತಿ ನಿರಾಕರಿಸಲು ಅಲ್ಲ. ಎಕ್ಸೆಲ್ ಪಟ್ಟಿಯನ್ನು ಸಾವಿರ ಪುಟ ಮುದ್ರಿಸಿ 2,000 ರೂಪಾಯಿ ಕೇಳಿದರೆ, ಮೂಲ ಫೈಲೇ ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂದು ಈ ಕಲಂ ಹೆಸರಿಸಿ ಮೇಲ್ಮನವಿ ಹಾಕಿ.

ಸಿಸಿ ಟಿವಿ ದೃಶ್ಯ ಕೇಳಬಹುದೇ?

ಕೇಳಬಹುದು, ಆದರೆ ತಡಮಾಡಬೇಡಿ. ಹೆಚ್ಚಿನ ಕಚೇರಿಗಳ ಯಂತ್ರಗಳು ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತವೆ. ಪೊಲೀಸ್ ಠಾಣೆಗಳಲ್ಲಿ ದೃಶ್ಯವನ್ನು 18 ತಿಂಗಳು, ಯಾವ ಕಾರಣಕ್ಕೂ 1 ವರ್ಷಕ್ಕೆ ಕಡಿಮೆಯಿಲ್ಲದಂತೆ ಇಡಬೇಕೆಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಬರೆಯಿರಿ. ಅರ್ಜಿಯ ಜೊತೆಗೇ ಬೇರೆ ಪತ್ರದಲ್ಲಿ ‘ಈ ದೃಶ್ಯವನ್ನು ಅಳಿಸದೆ ಕಾಪಾಡಿ’ ಎಂದು ಕೋರಿ ಸ್ವೀಕೃತಿ ಪಡೆಯಿರಿ. ಆಮೇಲೆ ಅಳಿಸಿದ್ದರೆ ಅದು ತಿಳಿದೂ ಮಾಡಿದ ಕೆಲಸವಾಗುತ್ತದೆ.

‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸಿದ್ದಾರೆ.

ಈಗ ಅತಿ ಹೆಚ್ಚು ಕಷ್ಟವಾಗಿರುವುದು ಇಲ್ಲೇ. ಮೊದಲು 8(1)(ಜೆ) ಅಡಿ ನಿರಾಕರಿಸಬೇಕಾದರೆ, ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ ಅಥವಾ ಅದು ವಿನಾಕಾರಣ ಖಾಸಗಿತನಕ್ಕೆ ಧಕ್ಕೆ ತರುತ್ತದೆ ಎಂದು ಅಧಿಕಾರಿ ತೋರಿಸಬೇಕಿತ್ತು. ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಒಳ್ಳೆಯ ಮಾತೂ ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಕಲಂ ಇದೆಲ್ಲವನ್ನೂ ತೆಗೆದು, ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಎಂದಷ್ಟೇ ಉಳಿಸಿತು. 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಪ್ರಭುತ್ವದ ಎದುರು ಪ್ರಜೆಯನ್ನು ಕಾಪಾಡಲು ಗೆದ್ದುಕೊಂಡ ಆ ಹಕ್ಕನ್ನು ಪ್ರಜೆ ಕೇಳುವ ಲೆಕ್ಕಪತ್ರಕ್ಕೆ ಅಡ್ಡ ಹಿಡಿಯುವುದು ಸರಿಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆದರೂ ದಾರಿ ಮುಚ್ಚಿಲ್ಲ. 8(2) ಕಲಂ ಹಾಗೇ ಉಳಿದಿದೆ: ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು. ಅರ್ಜಿಯಲ್ಲೇ ಆ ಹಿತ ಏನೆಂದು ಎರಡು ಸಾಲು ಬರೆಯಿರಿ. ಕಾರಣ ಹೇಳಬೇಕಿಲ್ಲವೆಂಬ ನಿಯಮವಿದ್ದರೂ ಇಲ್ಲಿ ಹೇಳುವುದೇ ಲಾಭ. 10ನೇ ಕಲಂ ಹೆಸರಿಸಿ, ಆಧಾರ್ ಸಂಖ್ಯೆ, ಫೋನ್, ಬ್ಯಾಂಕ್ ಖಾತೆ ಇವನ್ನು ಮಸಿ ಬಳಿದು ಉಳಿದದ್ದನ್ನು ಕೊಡಿ ಎಂದು ನೀವೇ ಮೊದಲು ಒಪ್ಪಿಕೊಳ್ಳಿ. ಸಂಬಳ, ಸಬ್ಸಿಡಿ, ಪರವಾನಗಿಗಳ ಪಟ್ಟಿಯಾದರೆ 4(1)(ಬಿ) ಅಡಿ ಪ್ರಕಟಿಸಲೇಬೇಕಾದದ್ದು ಎಂದು ತೋರಿಸಿ.

‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂದಿದೆ.

ಕಡತ ಸಿಗುತ್ತಿಲ್ಲ ಎಂಬುದು ಕಾಯ್ದೆಯ ಯಾವ ವಿನಾಯಿತಿಯಲ್ಲೂ ಇಲ್ಲ. ಹುಡುಕದೆ ಸುಮ್ಮನೆ ಹಾಗೆ ಬರೆಯುವಂತಿಲ್ಲ, ತನಿಖೆ ಮಾಡಿ ಹೊಣೆ ನಿಗದಿ ಮಾಡಬೇಕೆಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಕಡತವನ್ನು ಮರುಸೃಷ್ಟಿಸಲು, 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಕ್ರಮ ಕೈಗೊಳ್ಳಲು ಕೇಳಿ. ಜೊತೆಗೆ ಹೊಸ ಅರ್ಜಿ ಹಾಕಿ ಕಡತ ಚಲನವಲನ ವಹಿಯ ಪ್ರತಿ ಕೇಳಿ. ಎಷ್ಟೋ ಸಲ ಕಳೆದ ಕಡತ ಈ ಎರಡನೆಯ ಅರ್ಜಿಗೆ ಸಿಕ್ಕಿಬಿಡುತ್ತದೆ.

30 ದಿನವಾದರೂ ಉತ್ತರವಿಲ್ಲ. ಮುಂದೇನು?

ಉತ್ತರ ಬರದಿರುವುದು ನಿರಾಕರಣೆಗೆ ಸಮ. 31ನೇ ದಿನದಿಂದ 30 ದಿನಗಳೊಳಗೆ ಅದೇ ಇಲಾಖೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ 19(1) ಅಡಿ ಅರ್ಜಿ. ಅವರು 30, ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನಗಳೊಳಗೆ 19(3) ಅಡಿ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ಬೆಂಗಳೂರಿನ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿದೆ. ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 30 ದಿನವಲ್ಲ, 48 ಗಂಟೆ. ಅವಧಿ ಮೀರಿದರೆ 7(6) ಅಡಿ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಒಂದು ಎಚ್ಚರ: ಪುಟಗಳ ಹಣ ಕಟ್ಟಿ ಎಂದು ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವ ದಿನದವರೆಗೆ 30 ದಿನದ ಎಣಿಕೆ ನಿಂತಿರುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು, ಪ್ರಥಮ ಮೇಲ್ಮನವಿ ಬಿಟ್ಟು 18ನೇ ಕಲಂ ಅಡಿ ನೇರ ದೂರು ಕೊಡುವುದು. ದೂರಿನಲ್ಲಿ ಅಧಿಕಾರಿಗೆ ದಂಡ ಬೀಳಬಹುದು, ಮಾಹಿತಿ ಕೊಡಿಸುವ ಅಧಿಕಾರ ಆಯೋಗಕ್ಕೆ ಆ ಕಲಂ ಅಡಿ ಇಲ್ಲವೆಂದು 2011ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಾಖಲೆ ಬೇಕೆಂದರೆ 19. ದಂಡ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000. ಎರಡನೇ ಮೇಲ್ಮನವಿಯಲ್ಲೂ ಅದನ್ನು ಕೋರಬಹುದು.

ಸಹಕಾರ ಸಂಘ, ಖಾಸಗಿ ಬ್ಯಾಂಕುಗಳಿಂದ ಮಾಹಿತಿ ಪಡೆಯಬಹುದೇ?

ನೇರವಾಗಿ ಸಾಮಾನ್ಯವಾಗಿ ಆಗುವುದಿಲ್ಲ. ಸರ್ಕಾರದಿಂದ ಗಣನೀಯ ಹಣ ಪಡೆಯದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲವೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬೇರೆ ಕಾನೂನಿನಡಿ ಸರ್ಕಾರಿ ಕಚೇರಿ ತರಿಸಿಕೊಳ್ಳಬಹುದಾದ ಖಾಸಗಿ ಸಂಸ್ಥೆಯ ಮಾಹಿತಿಯೂ 2(ಎಫ್)ನಲ್ಲಿ ಸೇರಿದೆ. ಸಂಘದ ಆಡಿಟ್ ವರದಿಯನ್ನು ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿ ಕೇಳಿ.

ವಿದೇಶದಲ್ಲಿರುವ ಕನ್ನಡಿಗರು ಅರ್ಜಿ ಹಾಕಬಹುದೇ?

ಭಾರತದ ಪಾಸ್‌ಪೋರ್ಟ್ ಇದ್ದರೆ ಹಾಕಬಹುದು. 3ನೇ ಕಲಂ ಅಡಿ ಇದು ನಾಗರಿಕರ ಹಕ್ಕು. ಬೇರೆ ದೇಶದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದವರಿಗೆ ಈ ಹಕ್ಕಿಲ್ಲ, ಊರಿನ ಜಮೀನಿನ ದಾಖಲೆ ಬೇಕಾದರೆ ಇಲ್ಲಿರುವ ಅಣ್ಣನೋ ತಂಗಿಯೋ ತಮ್ಮ ಹೆಸರಲ್ಲೇ ಅರ್ಜಿ ಹಾಕಬೇಕು. ಅವರಿಗೆ ನಿಮ್ಮ ಲಾಗಿನ್, ಒಟಿಪಿ ಕಳಿಸುವ ಅಗತ್ಯವಿಲ್ಲ. ಐಟಿ ಕಾಯ್ದೆ ಮಾತ್ರ ಪೌರತ್ವ ನೋಡುವುದಿಲ್ಲ: ಭಾರತದಲ್ಲಿರುವ ಕಂಪ್ಯೂಟರನ್ನು ಮುಟ್ಟಿದ ಅಪರಾಧವಾದರೆ ಯಾವ ದೇಶದ ಪ್ರಜೆಯಾದರೂ, ಯಾವ ದೇಶದಲ್ಲಿ ಕೂತು ಮಾಡಿದರೂ 75ನೇ ಕಲಂ ಅಡಿ ಅನ್ವಯಿಸುತ್ತದೆ.